ಪಾನಿಪೂರಿ ಬಾಯಿಗೆ ಹೋಗದ ಹುಡುಗ

"ಪಾನಿಪೂರಿ ಬಾಯಿಗೆ ಹೋಗ್ತಿಲ್ಲ ಸಾರ್."

ಕುರ್ಚಿಯಲ್ಲಿ ಕೂತ ಹುಡುಗ ಹೀಗೆ ಶುರು ಮಾಡಿದಾಗ ಪಕ್ಕದಲ್ಲಿದ್ದ ಅವನ ಅಮ್ಮ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ತೂರಿಸು ಅಂದೆ. ಸಾಮಾನ್ಯವಾಗಿ ಅವರವರ ಬಾಯಿಗೆ ಅವರವರ ಮೂರು ಬೆರಳು ಸಲೀಸಾಗಿ ಹೋಗುತ್ತವೆ. ಇವನಿಗೆ ಎರಡೇ ಕಷ್ಟ. ವಯಸ್ಸು 23.

"ಗುಟ್ಕಾ ಹಾಕ್ತೀಯೇನಪ್ಪ?"

"ಇಲ್ಲ ಸಾರ್, ಬರೀ ಅಡಿಕೆ. ಹೊಗೆಸೊಪ್ಪು ಮುಟ್ಟಿಲ್ಲ."

ಖಾರ ತಿಂದರೆ ಬಾಯಿ ಉರಿ. ಕೆನ್ನೆಯ ಒಳಗೆ ಬಿಳಿಚಿಕೊಂಡಿದೆ. ಬೆರಳಾಡಿಸಿದರೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ.

ಇಲ್ಲಿ ಏನಾಗಿದೆ ಅಂತ ಹೇಳಲು ಹೈಸ್ಕೂಲಿಗೆ ಒಮ್ಮೆ ಹೋಗಿಬರಬೇಕು. ಅನುಲೇಪಕ ಅಂಗಾಂಶ, ಸಂಯೋಜಕ ಅಂಗಾಂಶ ಅಂತ ಪರೀಕ್ಷೆಗೆ ಉರು ಹೊಡೆದದ್ದು ನೆನಪಿದೆ ಅಲ್ವಾ? ಹೆಸರು ಕೇಳಿದರೇ ನಿದ್ದೆ ಬರುತ್ತದೆ. ಮೊದಲನೆಯದು ಮೈಯ ಒಳಹೊರಗಿನ ಹೊದಿಕೆ, ಎರಡನೆಯದು ಅದರಡಿಯ ಹಾಸು ಅಂದುಕೊಳ್ಳಿ, ಸದ್ಯಕ್ಕೆ ಸಾಕು.

ಹೊದಿಕೆಯಲ್ಲಿ ಜೀವಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ. ಅದಕ್ಕೆ ಸ್ವಂತ ರಕ್ತನಾಳ ಇಲ್ಲ. ಆಹಾರ, ಆಮ್ಲಜನಕ ಎಲ್ಲ ಕೆಳಗಿನ ಹಾಸಿನಿಂದಲೇ ಜಿನುಗಿ ಬರಬೇಕು. ಕೆಲಸಕ್ಕೆ ತಕ್ಕಂತೆ ರೂಪ ಬದಲಾಗುತ್ತದೆ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಚಪ್ಪಟೆ ಕೋಶಗಳ ಒಂದೇ ಪದರ, ಗಾಳಿ ದಾಟಬೇಕಲ್ಲ. ಸಣ್ಣ ಕರುಳಲ್ಲಿ ಹೀರಿಕೊಳ್ಳಲು ಕಂಬದಂಥ ಕೋಶಗಳು. ಶ್ವಾಸನಾಳದಲ್ಲಿ ಸೂಕ್ಷ್ಮ ರೋಮಗಳಿದ್ದು ಧೂಳನ್ನು ಕಫದ ಜೊತೆ ಮೇಲಕ್ಕೆ ತಳ್ಳುತ್ತವೆ. ಬಾಯಿಯಲ್ಲಿ ಉಜ್ಜಾಟ ಜಾಸ್ತಿ. ಹಾಗಾಗಿ ಪದರದ ಮೇಲೆ ಪದರ. ಮೇಲಿನದು ಸವೆದ ಹಾಗೆ ಅಡಿಯಿಂದ ಹೊಸದು ಬರುತ್ತಿರುತ್ತದೆ. ಬಿಸಿ ಕಾಫಿಗೆ ಸುಟ್ಟ ಅಂಗುಳ ವಾರದಲ್ಲಿ ಸರಿಹೋಗುವುದು ಹೀಗೆ.

ಸಂಯೋಜಕ ಅಂಗಾಂಶದಲ್ಲಿ ಲೆಕ್ಕ ಉಲ್ಟಾ. ಕೋಶ ಕಡಿಮೆ, ನಡುವಿನ ಸಾಮಗ್ರಿ ಜಾಸ್ತಿ. ಆ ಸಾಮಗ್ರಿಯಲ್ಲಿ ಸುಣ್ಣದ ಅಂಶ ಕೂತರೆ ಮೂಳೆ. ಬಳುಕುವ ಹಾಗಿದ್ದರೆ ಕಿವಿಯ ಮೃದ್ವಸ್ಥಿ. ನೀರಾಗಿದ್ದರೆ ರಕ್ತ. ಹೌದು, ರಕ್ತವೂ ಇದೇ ಮನೆತನದ್ದು. ಕ್ಲಾಸಲ್ಲಿ ಇದನ್ನು ಹೇಳಿದಾಗಲೆಲ್ಲ ಒಂದಷ್ಟು ಹುಬ್ಬುಗಳು ಮೇಲೇರುತ್ತವೆ. ಕೆನ್ನೆಯೊಳಗೆ ಇರುವುದು ಸಡಿಲ ಬಗೆಯದು. ಕೊಲಾಜನ್ ನಾರು, ರಬ್ಬರಿನ ಹಾಗೆ ಹಿಗ್ಗುವ ಇಲಾಸ್ಟಿನ್, ರಕ್ತನಾಳಗಳು, ನಡುವೆ ಅಲ್ಲಲ್ಲಿ ನಾರು ಮಾಡುವ ಫೈಬ್ರೊಬ್ಲಾಸ್ಟ್ ಕೋಶಗಳು. ಆಕಳಿಸಿದಾಗ ಕೆನ್ನೆ ಹಿಗ್ಗುವುದು ಇವೆಲ್ಲ ಮೆತ್ತಗಿದ್ದರೆ ಮಾತ್ರ.

ಹುಡುಗನ ಕೆನ್ನೆಯಿಂದ ಚಿಕ್ಕ ತುಂಡು ತೆಗೆದು ಲ್ಯಾಬಿಗೆ ಕೊಟ್ಟೆ. ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಒಂದು ಮಿಲಿಮೀಟರಿನಲ್ಲಿ 200 ಪದರ ಬರುವಷ್ಟು ತೆಳ್ಳಗೆ ಕೊಯ್ದು ಬಣ್ಣ ಹಾಕುತ್ತಾರೆ. ಕೋಶದ ಕೇಂದ್ರ ನೀಲಿ, ನಾರು ಗುಲಾಬಿ. ಚೆನ್ನಾಗಿರುವ ಕೆನ್ನೆಯಲ್ಲಿ ಮೇಲಿನ ಹೊದಿಕೆ ದಪ್ಪಗಿದ್ದು ಬೇರಿನಂತೆ ಕೆಳಗೆ ಇಳಿದಿರುತ್ತದೆ. ಅದರಡಿ ಗುಲಾಬಿ ಎಳೆಗಳು ಅಲೆಅಲೆಯಾಗಿ, ನಡುವೆ ಬೇಕಾದಷ್ಟು ಜಾಗ. ಇವನ ಸ್ಲೈಡಿನಲ್ಲಿ ಹೊದಿಕೆ ಎಳ್ಳಷ್ಟೂ ದಪ್ಪ ಇಲ್ಲ, ಬೇರುಗಳೂ ಇಲ್ಲ. ಕೆಳಗೆ ಎರಕ ಹೊಯ್ದಂತೆ ಬರೀ ಗುಲಾಬಿ. ರಕ್ತನಾಳಗಳು ಆ ಒತ್ತಡಕ್ಕೆ ಇರುಕಿ ಗೆರೆಯಂತಾಗಿವೆ. ಹಾಸು ಗಟ್ಟಿಯಾದರೆ ಹೊದಿಕೆಗೆ ಊಟವೆಲ್ಲಿಂದ? ಅದು ಸೊರಗುತ್ತದೆ. ಸೊರಗಿದ ಹೊದಿಕೆಗೆ ಮೆಣಸಿನಕಾಯಿ ತಾಗಿದರೆ ಉರಿ.

ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. 1952ರಲ್ಲಿ ಶ್ವಾರ್ಟ್ಸ್ ಎಂಬುವರು ಇದನ್ನು ವರದಿ ಮಾಡಿದ್ದು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ. ಅಡಿಕೆ ಹೋದಲ್ಲಿಗೆಲ್ಲ ಇದೂ ಹೋಗಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಫೈಬ್ರೊಬ್ಲಾಸ್ಟ್‌ಗಳನ್ನು ಕೆರಳಿಸಿ ನಾರು ಹೆಚ್ಚಿಸುತ್ತದೆ. ಅಡಿಕೆಯ ತಾಮ್ರದ ಅಂಶದಿಂದ ಆ ನಾರುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುತ್ತವೆ. ಇನ್ನು ಒಗರು. ಅದು ಟ್ಯಾನಿನ್. ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಾರಲ್ಲ, ಅಲ್ಲಿ ಕೆಲಸ ಮಾಡುವುದೂ ಟ್ಯಾನಿನ್ನೇ. ಚಪ್ಪಲಿಯ ಚರ್ಮವೂ ಕೊಲಾಜನ್ನೇ. ಹದ ಮಾಡಿದ ಚರ್ಮ ಕೊಳೆಯುವುದಿಲ್ಲ. ಹಾಗೆಯೇ ಟ್ಯಾನಿನ್ ಹಿಡಿದ ಕೊಲಾಜನ್ ಕರಗುವುದಿಲ್ಲ, ಹೊಸದು ಸೇರುತ್ತಲೇ ಇರುತ್ತದೆ.

ಇಷ್ಟು ಹೇಳುವ ನಾನು ಅಡಿಕೆ ತೋಟದ ದುಡ್ಡಿನಲ್ಲೇ ಓದಿದವನು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ನಮ್ಮ ರಾಜ್ಯ. ಊಟ ಆದಮೇಲೆ ಒಂದು ಕವಳ ಹಾಕದಿದ್ದರೆ ನಮ್ಮ ಕಡೆ ಊಟವೇ ಮುಗಿದಂತಲ್ಲ. ಆದರೂ ಹೇಳಲೇಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬಾಯಿಯ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಹುಟ್ಟುವುದು ಆ ಹೊದಿಕೆಯಲ್ಲೇ.

"ಬಿಟ್ರೆ ಸರಿಹೋಗುತ್ತಾ ಸಾರ್?" ಅಂತ ಕೇಳಿದ. ಉರಿ ಕಡಿಮೆಯಾಗುತ್ತದೆ, ಬಿಗಿತ ತಾನಾಗಿ ಬಿಡುವುದಿಲ್ಲ ಅಂದೆ. ಹೊದಿಕೆ ದಿನವೂ ಹೊಸದಾಗುತ್ತದೆ, ಹಾಸಿನಲ್ಲಿ ಕೂತ ನಾರು ಹಾಗೇ ಉಳಿಯುತ್ತದೆ. ಕೆನ್ನೆಗೆ ಇಂಜೆಕ್ಷನ್ ಕೊಟ್ಟೆ. ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲಿನ ನಡುವೆ ಅಟ್ಟಿಯಾಗಿ ಇಟ್ಟು, ಒಂದೊಂದೇ ಹೆಚ್ಚಿಸುತ್ತಾ ಬಾಯಿ ತೆರೆಯುವ ವ್ಯಾಯಾಮ ಹೇಳಿಕೊಟ್ಟೆ.

ಮೂರು ತಿಂಗಳಾದ ಮೇಲೆ ಬಂದ. ಅಡಿಕೆ ಬಿಟ್ಟಿದ್ದಾನೆ. 14 ಕಡ್ಡಿ ಹೋಗುತ್ತಿದ್ದಲ್ಲಿ ಈಗ 18. ಪಾನಿಪೂರಿ ಇನ್ನೂ ಆಗಿಲ್ಲ. ಅವನನ್ನು ಎಬ್ಬಿಸಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. "ನನಗ್ಯಾಕೆ?" ಅಂದರು. ಸೊಂಟದಲ್ಲಿ ಎಲೆಅಡಿಕೆ ಸಂಚಿ ಇತ್ತು. ಸುಮ್ನೆ ನೋಡೋಣ ಅಮ್ಮ, ಮೂರು ಬೆರಳು ಇಡಿ ಅಂದೆ.