ಬೀದಿ ದೀಪಕ್ಕೆ ನೇರಳೆ ಬಣ್ಣ ಬಂದಿದ್ದು ಎಲ್ಲಿಂದ?

ಪ್ರಶ್ನೆ: ಅಮೆರಿಕದ ಕೆಲವು ಊರುಗಳಲ್ಲಿ ಬೀದಿ ದೀಪಗಳು ನೇರಳೆ ಬಣ್ಣದಲ್ಲಿ ಉರಿಯುವ ಫೋಟೊ ನೋಡಿದೆ. ಬೇಕಂತಲೇ ಹಾಗೆ ಮಾಡಿದ್ದಾರಾ?

ಇಲ್ಲ, ದೀಪ ಕೆಟ್ಟಿದೆ ಅಷ್ಟೇ. ಆದರೆ ಅದು ಕೆಟ್ಟಿರುವ ರೀತಿ ಮಜವಾಗಿದೆ.

ಬೀದಿ ದೀಪದ ಎಲ್‌ಇಡಿ ಚಿಪ್ ಬಿಳಿ ಬೆಳಕು ಕೊಡುವುದೇ ಇಲ್ಲ. ಅದು ಕೊಡುವುದು ನೀಲಿ, ತರಂಗಾಂತರ ಸುಮಾರು 450 ನ್ಯಾನೊಮೀಟರ್. (ಈ ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಾಕಮುರ ಮೂವರಿಗೆ 2014ರಲ್ಲಿ ನೊಬೆಲ್ ಬಂತು.) ಚಿಪ್ ಮೇಲೆ ಫಾಸ್ಫರ್ ಎಂಬ ಹಳದಿ ವಸ್ತುವಿನ ತೆಳು ಪದರ ಇರುತ್ತದೆ. ಅದು ಒಂದಷ್ಟು ನೀಲಿಯನ್ನು ಹೀರಿಕೊಂಡು ಹಳದಿ ಬೆಳಕು ಬಿಡುತ್ತದೆ. ಉಳಿದ ನೀಲಿಯೂ ಈ ಹಳದಿಯೂ ಸೇರಿದಾಗ ನಮ್ಮ ಕಣ್ಣಿಗೆ ಬಿಳಿ ಕಾಣುತ್ತದೆ.

ಕೆಲವು ದೀಪಗಳಲ್ಲಿ ಈ ಪದರ ಚಿಪ್‌ನಿಂದ ಕಿತ್ತುಬಂತು. ನೀಲಿ ಜಾಸ್ತಿ, ಹಳದಿ ಕಡಿಮೆ. ಹಾಗಾಗಿ ಬೀದಿಗೆ ನೇರಳೆ ಬಣ್ಣ. ಚಿಪ್ ಮಾತ್ರ ಗಟ್ಟಿಯಾಗಿಯೇ ಇದೆ. ಅದಕ್ಕೇ ದೀಪ ಆರಿಹೋಗುವುದಿಲ್ಲ.

2021ರ ಹೊತ್ತಿಗೆ ಅಮೆರಿಕದ ಮಿಲ್ವಾಕೀಯಿಂದ ಕೆನಡಾದ ವ್ಯಾಂಕೂವರ್‌ವರೆಗೆ ಇಂಥ ದೀಪಗಳು ಕಂಡವು. ಜನ ಸುಮ್ನೆ ಇರ್ತಾರಾ? ಹ್ಯಾಲೋವೀನ್ ಹಬ್ಬದ ಅಲಂಕಾರ ಅಂದರು, ಫುಟ್‌ಬಾಲ್ ತಂಡದ ಬಣ್ಣ ಅಂದರು. ಕೋವಿಡ್ ಲಸಿಕೆ ಹಾಕಿಸಿಕೊಂಡವರನ್ನು ಪತ್ತೆ ಹಚ್ಚುವ ಅಲ್ಟ್ರಾವಯಲೆಟ್ ದೀಪ ಅಂತಲೂ ಕೆಲವರು ಹೇಳಿದರು. ಈ ಕೊನೆಯದಂತೂ ನಿಲ್ಲುವುದಿಲ್ಲ: ಅಲ್ಟ್ರಾವಯಲೆಟ್ 400 ನ್ಯಾನೊಮೀಟರ್‌ಗಿಂತ ಕೆಳಗಿನದು, ಇದು ಮಾಮೂಲಿ ನೀಲಿ ಬೆಳಕು.

ಆದರೂ ಜನರಿಗೆ ಅನುಮಾನ ಬಂದಿದ್ದು ತಪ್ಪಲ್ಲ ಅನ್ನಿಸುತ್ತದೆ. ಒಂದೇ ರಸ್ತೆಯಲ್ಲಿ ಸಾಲಾಗಿ ನಾಲ್ಕೈದು ದೀಪ ನೇರಳೆ ಆದರೆ ಯಾರೋ ಯೋಚಿಸಿ ಮಾಡಿದ ಹಾಗೇ ಕಾಣುತ್ತೆ, ಅಲ್ವಾ? ಕಾರಣ ಸರಳ. ಒಂದು ರಸ್ತೆಗೆ ಸಾಮಾನ್ಯವಾಗಿ ಒಂದೇ ಲಾಟ್‌ನ ದೀಪಗಳನ್ನು ಒಟ್ಟಿಗೆ ಹಾಕುತ್ತಾರೆ. ಆ ಲಾಟ್‌ನಲ್ಲಿ ದೋಷ ಇದ್ದರೆ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಕೆಡುತ್ತವೆ. ಅಮೆರಿಕದಲ್ಲಿ ಇಂಥ ಅನೇಕ ದೀಪಗಳನ್ನು ತಯಾರಿಸಿದ್ದು ಅಕ್ಯೂಟಿ ಬ್ರ್ಯಾಂಡ್ಸ್. ಫಾಸ್ಫರ್ ಜಾಗ ಬಿಟ್ಟಿದೆ ಎಂದು ಆ ಕಂಪನಿಯೇ ಒಪ್ಪಿಕೊಂಡಿತು. ವಾರಂಟಿಯಲ್ಲಿ ದೀಪ ಬದಲಿಸುವ ಕೆಲಸವೂ ನಡೆಯಿತು.

ಅಪಾಯ ಇದೆಯಾ? ದೀಪದ ಕೆಳಗೆ ಓಡಾಡುವುದರಿಂದ ಮೈಗೆ ಏನೂ ಆಗುವುದಿಲ್ಲ. ತೊಂದರೆ ಇರುವುದು ನೋಟದ್ದು. ಬೆಳಕಿನಲ್ಲಿ ಹಳದಿ, ಕೆಂಪು ಕಡಿಮೆ ಇದ್ದರೆ ಆ ಬಣ್ಣದ ವಸ್ತುಗಳು ಕಪ್ಪಗೆ ಕಾಣುತ್ತವೆ. ಗಾಡಿ ಓಡಿಸುವವರಿಗೆ ಕೆಂಪು ಅಂಗಿ ಹಾಕಿಕೊಂಡು ರಸ್ತೆ ದಾಟುವವರು ಬೇಗ ಕಣ್ಣಿಗೆ ಬೀಳದಿರಬಹುದು. ಹಾಗಾಗಿ ಇಂಥ ದೀಪ ಕಂಡರೆ ಕಂಬದ ನಂಬರ್ ಬರೆದುಕೊಂಡು ನಗರಸಭೆಗೋ ವಿದ್ಯುತ್ ಕಂಪನಿಗೋ ತಿಳಿಸುವುದು ಒಳ್ಳೆಯದು. ದೀಪ ಉರಿಯುತ್ತಲೇ ಇರುವುದರಿಂದ ಅದು ಕೆಟ್ಟಿದೆ ಅಂತ ಅವರಿಗೆ ತಾನಾಗಿ ಗೊತ್ತಾಗದೇ ಇರಬಹುದು.