ಕಳಸಾ-ಬಂಡೂರಿ: ನಮ್ಮೂರ ಪಕ್ಷದವ್ರ ಹೋರಾಟ ಗೋವಾ ಗಡಿಗೆ ಬಂದ್ ಯಾಕ ನಿಲ್ತೈತಿ?

ನರಗುಂದ, ನವಲಗುಂದ ಕಡೆ ಹುಟ್ಟಿ ಬೆಳದವ್ರಿಗೆ ಗೋವಾಕ್ಕ ಹರಿಯೋ ಮಹದಾಯಿ ಹೊಳಿ ಅಂದ್ರ ನ್ಯೂಸ್ ಅಲ್ರಿ, ಮನಿ ಮಾತು. ಆದ್ರ ಈಗಿನ ಹುಡುಗ್ರು ಕೇಳ್ತಾರ, ಎಲ್ಲಾ ಪಕ್ಷದವ್ರೂ ಹೋರಾಟ ಮಾಡ್ಯಾರ, ಎಲ್ಲಾ ಪಕ್ಷದವ್ರೂ ಅಧಿಕಾರಕ್ಕ ಬಂದ್ ಹೋಗ್ಯಾರ, ಮತ್ತ ನೀರ್ ಯಾಕ ಬರಲಿಲ್ಲ ಅಂತ. ಅದಕ್ಕ ಮೊದ್ಲಿಂದ ಹೇಳ್ಬೇಕಾಗ್ತೈತಿ.

ಮಲಪ್ರಭಾ ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಾಗ. ಸವದತ್ತಿ ಹತ್ರ ನವಿಲುತೀರ್ಥದಾಗ ಡ್ಯಾಮ್ ಕಟ್ಟಿದ್ರು, 37 ಟಿಎಂಸಿ ಹಿಡಿಯೋದು, ಆದ್ರ ತುಂಬೋ ವರ್ಷನ ಕಡಿಮಿ. ಕಾಲುವಿ ಕೊನಿ ಹೊಲಕ್ಕ ನೀರ್ ಮುಟ್ಟಿರಲಿಲ್ಲ, ಬೆಟರ್‌ಮೆಂಟ್ ಲೆವಿ, ಅಂದ್ರ ನೀರಾವರಿಯಿಂದ ಹೊಲದ ಬೆಲಿ ಏರ್ತೈತಿ ಅಂತ ಹಾಕೋ ಕರ, ಕಟ್ರಿ ಅಂತ ನೋಟಿಸ್ ಮಾತ್ರ ಮುಟ್ಟಿದ್ವು. ಅದರ ಸಿಟ್ಟು 1980ರ ಜುಲೈ 21ಕ್ಕ ಒಡೀತು. ಗೋಲಿಬಾರ್ ಆತು, ರೈತರು ಸತ್ರು, ನರಗುಂದದಾಗ ಪೊಲೀಸ್ರೂ ಜೀವ ಕಳ್ಕೊಂಡ್ರು. ಚಳವಳಿಯಾಗ ಬ್ಯಾರೆ ಬ್ಯಾರೆ ಪಕ್ಷದ ಮಂದಿ ಇದ್ರು, ಆದ್ರ ಅದು ಯಾವ ಪಕ್ಷದ ಚಳವಳಿನೂ ಅಲ್ಲ, ರೈತರದ್ದು. ಆಗ ಕಾಂಗ್ರೆಸ್ಸಿನ ಗುಂಡೂರಾವ್ ಸರ್ಕಾರ ಇತ್ತು. 1983ರ ಇಲೆಕ್ಷನ್‌ನಾಗ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದ್ರು, ರಾಜ್ಯಕ್ಕ ಮೊದಲ್ನೇ ಕಾಂಗ್ರೆಸ್ಸೇತರ ಸರ್ಕಾರ. ಅವತ್ತಿಂದ ನಮ್ಮ ಕಡೆ ರೈತರ ಪೆಂಡಾಲಿಗೆ ಬರಲಾರದ ಪಕ್ಷನ ಇಲ್ಲ.

ಮಹದಾಯಿಗೆ ಸೇರೋ ಕಳಸಾ, ಬಂಡೂರಿ ಹಳ್ಳದ ನೀರನ್ನ ಮಲಪ್ರಭಾಕ್ಕ ತಿರುಗಿಸೋ ಮಾತು ಎಸ್.ಆರ್. ಬೊಮ್ಮಾಯಿ ಕಾಲದಾಗ ಗಟ್ಟಿ ಆತು, ಗೋವಾ ಜೋಡಿ ಮಾತುಕತಿನೂ ನಡದ್ವು. 2002ರಾಗ ಕೇಂದ್ರ 7.56 ಟಿಎಂಸಿಗೆ ತಾತ್ವಿಕ ಒಪ್ಗಿ ಕೊಟ್ಟು, ಗೋವಾ ತಕರಾರು ತಗದ ಮ್ಯಾಲ ಅದೇ ವರ್ಷ ತಡೆಹಿಡೀತು. 2006ರಾಗ ಕುಮಾರಸ್ವಾಮಿ ಸರ್ಕಾರ ಕಣಕುಂಬಿಯಾಗ ಕಾಮಗಾರಿ ಶುರು ಮಾಡ್ತು, ಗೋವಾ ಸುಪ್ರೀಂ ಕೋರ್ಟಿಗೆ ಹೋತು, 2010ರಾಗ ಈ ನೀರಿನ ತಕರಾರು ತೀರ್ಮಾನ ಮಾಡಾಕ ನ್ಯಾಯಾಧಿಕರಣ ಬಂತು.

2015ರ ಜುಲೈನಾಗ ನರಗುಂದದಾಗ ರೈತರು ಧರಣಿ ಕುಂತ್ರು, ವರ್ಷಗಟ್ಟಲೆ ಏಳಲಿಲ್ಲ. ಆ ಪೆಂಡಾಲಿಗೆ ನಾನೂ ಹೋಗಿದ್ದೆ. ಒಂದಿನ ಒಂದ್ ಪಕ್ಷದ ತಾಲ್ಲೂಕು ಪದಾಧಿಕಾರಿ ಒಬ್ರು ಬಂದ್ರು, ಕೊಳ್ಳಾಗ ಪಕ್ಷದ ಶಲ್ಯ. ಜಮಖಾನಿ ಮ್ಯಾಲ ಕುಂತಿದ್ದ ಮುದುಕರೊಬ್ರು, 'ತಮ್ಮಾ, ಅದನ್ನ ತಗದ್ ಬಾ' ಅಂದ್ರು, ಅಷ್ಟ. ಅವ್ರು ಏನೂ ಅನ್ನದ ಶಲ್ಯ ನಾಲ್ಕ್ ಮಡಿಕಿ ಮಾಡಿ ಅಂಗಿ ಕಿಸೆದಾಗ ಇಟ್ಕೊಂಡು ಸಂಜಿತನ ಕುಂತ್ರು. ನನಗ ಅವ್ರ ಬಗ್ಗೆ ಗೌರವ ಬಂದಿದ್ದು ಅವತ್ತ.

2016ರ ಜುಲೈ 27ಕ್ಕ ನೀರ್ ಕೇಳಿ ಕರ್ನಾಟಕ ಹಾಕಿದ್ದ ಮಧ್ಯಂತರ ಅರ್ಜಿ ನ್ಯಾಯಾಧಿಕರಣದಾಗ ವಜಾ ಆದಾಗ ನವಲಗುಂದ ಹೊತ್ತಿ ಉರೀತು. ಯಮನೂರಾಗ ಪೊಲೀಸ್ರು ಮನಿ ಹೊಕ್ಕು ಹೆಂಗಸ್ರು, ವಯಸ್ಸಾದವ್ರು ಅನ್ನದ ಬಡದ್ರು ಅಂತ ಊರ ಮಂದಿ ಅತ್ರು. ರಾಜ್ಯದಾಗ ಕಾಂಗ್ರೆಸ್, ಹಂಗಾಗಿ ಬಿಜೆಪಿಯವ್ರು ಲಾಠಿ ಬಗ್ಗೆ ಮಾತಾಡಿದ್ರು. ಕೇಂದ್ರದಾಗ ಬಿಜೆಪಿ, ಹಂಗಾಗಿ ಕಾಂಗ್ರೆಸ್‌ನವ್ರು ಮೋದಿ ಮಧ್ಯಸ್ಥಿಕಿ ವಹಿಸ್ಲಿ ಅಂತ ಮಾತಾಡಿದ್ರು. ಇಬ್ರದೂ ಸುಳ್ಳಲ್ಲ, ಆದ್ರ ತಮ್ಮ ಪಕ್ಷದ ಪಾಲಿಗೆ ಬಂದಾಗ ಇಬ್ರೂ ಬಾಯಿ ಮುಚ್ಚಿದ್ರು.

2017ರ ಡಿಸೆಂಬರ್‌ನಾಗ ಯಡಿಯೂರಪ್ಪ ಹುಬ್ಬಳ್ಳಿ ಸಮಾವೇಶದಾಗ ಗೋವಾ ಮುಖ್ಯಮಂತ್ರಿ ಪರಿಕ್ಕರ್ ಪತ್ರ ಓದಿದ್ರು, ಕುಡಿಯೋ ನೀರಿಗೆ ಮಾತುಕತಿ ಮಾಡೋಣು ಅಂತ. ಇಲ್ಲಿ ಆಸೆ ಹುಟ್ಟಿತು, ಅಲ್ಲಿ ಗೋವಾದಾಗ ಗದ್ದಲ ಎದ್ದಿತು, ಪತ್ರ ಪತ್ರನ ಆಗಿ ಉಳೀತು. ಆಗ ರೈತರು ಬೆಂಗಳೂರಿಗೆ ಹೋಗಿ ಮಲ್ಲೇಶ್ವರದ ಬಿಜೆಪಿ ಆಫೀಸ್ ಮುಂದ ಚಳಿಯಾಗ ಕುಂತ್ರು. ಪಕ್ಷದ ಬಾಗಿಲಿಗೆ ಹೋಗಿ ಕೇಳೋ ಕೆಲಸ ನಮ್ಮ ತಾಲ್ಲೂಕು ಘಟಕಗಳು ಎಂದೋ ಮಾಡ್ಬೇಕಿತ್ತು, ಕಡೀಗೆ ಹಸಿರು ಶಾಲಿನವ್ರ ಮಾಡ್ಬೇಕಾತು.

2018ರ ಆಗಸ್ಟ್ 14ಕ್ಕ ನ್ಯಾಯಾಧಿಕರಣದ ತೀರ್ಪು ಬಂತು: ಕರ್ನಾಟಕಕ್ಕ 13.42 ಟಿಎಂಸಿ. ಕೇಳಾಕ ದೊಡ್ಡದು, ಆದ್ರ ಅದರಾಗ ಸುಮಾರು 8 ಟಿಎಂಸಿ ವಿದ್ಯುತ್ತಿಗೆ, ಮಲಪ್ರಭಾಕ್ಕ ತಿರುಗಿಸೋದು 3.90 ಟಿಎಂಸಿ ಅಷ್ಟ. 2020ರ ಫೆಬ್ರವರಿಯಾಗ ಗೆಜೆಟ್ ಆತು. 2022ರ ಡಿಸೆಂಬರ್‌ನಾಗ ಕೇಂದ್ರ ಜಲ ಆಯೋಗ ಡಿಪಿಆರ್ (ಯೋಜನೆಯ ಪೂರಾ ವರದಿ) ಒಪ್ಪಿತು, ಆಗ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ. ಅಪ್ಪನ ಕಾಲದ ಫೈಲ್ ಮಗನ ಕಾಲಕ್ಕ ಒಂದ್ ಮೆಟ್ಲ ಹತ್ತಿತು ನೋಡ್ರಿ. ಮುಂದಿನ ತಿಂಗಳ ಗೋವಾದ ವನ್ಯಜೀವಿ ವಾರ್ಡನ್ ನೀರ್ ತಿರುಗಿಸಬ್ಯಾಡ್ರಿ ಅಂತ ಕರ್ನಾಟಕಕ್ಕ ನೋಟಿಸ್ ಕೊಟ್ರು. ಕರ್ನಾಟಕ, ಗೋವಾ, ಕೇಂದ್ರ, ಮೂರೂ ಕಡೆ ಆಗ ಬಿಜೆಪಿನ ಇತ್ತು.

ಇದು ಬಿಜೆಪಿದೊಂದ ಸಮಸ್ಯೆ ಅಲ್ಲ. ಗೋವಾ ಕಾಂಗ್ರೆಸ್ಸೂ ಒಂದ್ ಹನಿ ಬಿಡಬ್ಯಾಡ್ರಿ ಅನ್ನೋದ. ಅಲ್ಲಿ ಮಹದಾಯಿಗೆ ಮಾಂಡೋವಿ ಅಂತಾರ, ಅವ್ರಿಗೂ ಅದು ತಾಯಿ, ಅವ್ರ ಹೆದರಿಕಿನ ನಾನು ಹಗುರ ಮಾಡಂಗಿಲ್ಲ. ಆದ್ರ ಒಂದ ಪಕ್ಷದ ಎರಡ್ ರಾಜ್ಯದ ಘಟಕ ಎದುರಾಬದುರಾ ಕುಂತು ಮಾತಾಡಿ ಒಂದ್ ನಿಲುವಿಗೆ ಬಂದಿದ್ದು ನನಗ ಕಾಣ್ಲಿಲ್ಲ. ನವಲಗುಂದದ ಮಂದಿ 2013ರಾಗ ಜೆಡಿಎಸ್, 2018ರಾಗ ಬಿಜೆಪಿ, 2023ರಾಗ ಕಾಂಗ್ರೆಸ್, ಮೂರೂ ಪಕ್ಷಕ್ಕ ಚಾನ್ಸ್ ಕೊಟ್ಟು ನೋಡ್ಯಾರ. ಇನ್ನ ಅವ್ರಿಂದ ಏನ್ ಕೇಳ್ತೀರಿ?

ಪ್ರತಿ ಜುಲೈ 21ಕ್ಕ ಹುತಾತ್ಮ ರೈತರ ವೀರಗಲ್ಲಿಗೆ ಮಾಲಿ ಹಾಕಾಕ ಎಲ್ಲಾ ಪಕ್ಷದವ್ರೂ ಬರ್ತಾರ. ಈ ಸಲ ಬಂದಾಗ ನಾನಂತೂ ನಮ್ಮೂರ ಕಾಂಗ್ರೆಸ್ ಬ್ಲಾಕ್ ಅಧ್ಯಕ್ಷರು, ಬಿಜೆಪಿ ಮಂಡಲ ಅಧ್ಯಕ್ಷರು, ಇಬ್ರನ್ನೂ ಪಕ್ಕಕ್ಕ ಕರದು ಕೇಳಾಂವ: ಪಣಜಿಯಾಗಿನ ನಿಮ್ಮ ಪಕ್ಷದ ಆಫೀಸಿಗೆ ಇಲ್ಲೀತನಕ ಎಷ್ಟ್ ಪತ್ರ ಬರದೀರಿ, ಅದರ ಕಾಪಿ ತೋರಸ್ರಿ ಅಂತ.