ಕಲ್ಲಿನ ಬಟ್ಟಲು: ಕುಡಿಯೋಕೋ, ಬೇರೆ ಕೆಲಸಕ್ಕೋ?

ಹಿಡಿ ಇರುವ ಹಳೇ ಕಲ್ಲಿನ ಪಾತ್ರೆ ಕಂಡರೆ ಸುಮ್ನೆ ‘ಕುಡಿಯುವ ಬಟ್ಟಲು’ ಅಂತ ಬರೆದುಕೊಂಡು ಮುಂದೆ ಹೋಗುತ್ತೇವೆ, ಅಲ್ವಾ? ನನ್ನ ನೋಟ್ಸ್‌ನಲ್ಲೂ ಹಾಗೇ ಇತ್ತು. ಜೆರುಸಲೇಮಿನ ಬಟ್ಟಲುಗಳ ಬಗ್ಗೆ ಓದಿದ ಮೇಲೆ ಆ ಸಾಲನ್ನು ಹೊಡೆದುಹಾಕಿದೆ.

ಅವು ಕ್ರಿ.ಶ. 1ನೇ ಶತಮಾನದ ಆಸುಪಾಸಿನವು. ಮೆತ್ತನೆಯ ಸುಣ್ಣಕಲ್ಲು. ಹೊರಮೈಯಲ್ಲಿ ಮೇಲಿಂದ ಕೆಳಕ್ಕೆ ಚಾಕುವಿನಿಂದ ಹೆರೆದ ಪಟ್ಟೆಗಳು ಹಾಗೇ ಕಾಣುತ್ತವೆ, ನುಣುಪು ಮಾಡುವ ಗೋಜಿಗೇ ಹೋಗಿಲ್ಲ. ಮೊದಲು ಇವಕ್ಕೆ ‘ಅಳತೆ ಬಟ್ಟಲು’ ಅಂತ ಹೆಸರಿಟ್ಟರು. ಒಂದೊಂದರಲ್ಲಿ ಎಷ್ಟು ಹಿಡಿಸುತ್ತದೆ ಅಂತ ನೋಡಿದರೆ ಆಗಿನ ಅಳತೆಗಳಿಗೆ ತಾಳೆಯೇ ಆಗಲಿಲ್ಲ. ಹೆಸರು ಮಾತ್ರ ಅಂಟಿಕೊಂಡಿತು! ಕೈ ತೊಳೆಯಲು ನೀರು ಹೊಯ್ಯೋಕೆ, ಇಲ್ಲವೇ ಕುಡಿಯೋಕೆ ಇದ್ದಿರಬೇಕು ಅನ್ನುವುದು ಈಗಿನ ಊಹೆ. ಕಲ್ಲೇ ಯಾಕೆ? ಯಹೂದಿ ಮಡಿಯ ಪ್ರಕಾರ ಮಣ್ಣಿನ ಪಾತ್ರೆಗೆ ಮೈಲಿಗೆಯಾದರೆ ಒಡೆದೇ ಹಾಕಬೇಕು. ಕಲ್ಲಿಗೆ ಮೈಲಿಗೆ ತಗುಲುವುದೇ ಇಲ್ಲ.

ಕಲ್ಲಿನ ಜಾತಿಯೂ ಸುಳಿವು ಕೊಡುತ್ತದೆ. ಸುಣ್ಣಕಲ್ಲು, ಅಮೃತಶಿಲೆಗಳಿಗೆ ಹುಳಿ ಆಗಿಬರೋಲ್ಲ. ಒಂದು ಹನಿ ನಿಂಬೆರಸ ಬಿದ್ದರೂ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ವೈನ್ ಕೂಡ ಹುಳಿಯೇ. ಹಾಗಾಗಿ ಅಂಥ ಪಾತ್ರೆಯ ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದರಲ್ಲಿ ದಿನಾ ವೈನ್ ಕುಡಿದರು ಅನ್ನೋದನ್ನು ನಾನಂತೂ ಸುಲಭಕ್ಕೆ ಒಪ್ಪುವುದಿಲ್ಲ.

ಜೇಡ್ ಕಲ್ಲಿಗೆ ಈ ತೊಂದರೆ ಇಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಷಹಜಹಾನನ ಬಟ್ಟಲು 1657ರದ್ದು, ಬಿಳಿ ಜೇಡ್‌ನದು. ಅರ್ಧ ಸೀಳಿದ ಸೋರೆಬುರುಡೆಯ ಆಕಾರ. ತುದಿ ಕಿರಿದಾಗುತ್ತಾ ಬಳುಕಿ ಮೇಕೆಯ ತಲೆಯಾಗುತ್ತದೆ, ಅದೇ ಹಿಡಿ. ಅಡಿಯಲ್ಲಿ ಕಮಲದ ದಳಗಳು. ಜೇಡ್‌ನ ನಾರುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಉಳಿ ಏಟಿಗೆ ಬಗ್ಗುವುದಿಲ್ಲ. ಗಟ್ಟಿ ಮರಳುಪುಡಿ ಹಾಕಿ ಉಜ್ಜಿ ಉಜ್ಜಿಯೇ ಸವೆಸಬೇಕು. ಮೇಕೆಯ ಗಡ್ಡವೂ ಹಾಗೇ ಆಗಿದ್ದು! ಇದನ್ನು ವೈನ್ ಬಟ್ಟಲು ಅಂತಲೇ ಕರೆಯುತ್ತಾರೆ.

ಒಂದೇ ಬಟ್ಟಲಿಗೆ ಎರಡು ಬದುಕೂ ಇರಬಹುದು. ಕ್ರಿಸ್ತಪೂರ್ವ ಕಾಲದ, ಪಟ್ಟೆಪಟ್ಟೆ ಸಾರ್ಡೋನಿಕ್ಸ್ ಕಲ್ಲಿನ ಒಂದು ಬಟ್ಟಲು 12ನೇ ಶತಮಾನದಲ್ಲಿ ಫ್ರಾನ್ಸಿನ ಸೇಂಟ್ ಡೆನಿಸ್ ಮಠದ ಮುಖ್ಯಸ್ಥ ಸುಜೇರನ ಕೈ ಸೇರಿತು. ಆತ ಅದಕ್ಕೆ ಚಿನ್ನದ ಲೇಪದ ಬೆಳ್ಳಿಯ ಅಂಚು, ಪೀಠ, ಹಿಡಿ ಕೂರಿಸಿ ಪೂಜೆಯ ವೈನಿಗೆ ಬಳಸಿದ. ಈಗ ಅದು ವಾಷಿಂಗ್ಟನ್ನಿನಲ್ಲಿದೆ. ನನ್ನ ನೋಟ್ಸ್‌ನ ‘ಕಾಲ’ದ ಕಾಲಂನಲ್ಲಿ ಅದಕ್ಕೆ ಎರಡು ಸಾಲು ಬಿಟ್ಟಿದ್ದೇನೆ.